ಅಮ್ಮನ ಬಿಆರ್‌ಸಿಎ ಟೆಸ್ಟ್ ಮಾಡಿಸೋಣವೇ? ಮನೆಯಲ್ಲಿ ತಂಗಿಯ ಮದುವೆ ಮಾತುಕತೆ ನಡೆದಿದೆ

ಬೆಣ್ಣೆನಗರಿ (ಸೋಮವಾರ, ರಾತ್ರಿ)

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಈ ವೇದಿಕೆಯಲ್ಲಿ ಬರೀ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಅಮ್ಮನಿಗೆ 58 ವರ್ಷ. ಕಳೆದ ದೀಪಾವಳಿ ಹೊತ್ತಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ಕಷಾಯ, ಗುಳಿಗೆ ಅಂತ ಎರಡು ತಿಂಗಳು ಕಳೆದೆವು. ಸ್ಕ್ಯಾನಿಂಗ್ ಮಾಡಿಸಿದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು. ಅಂಡಾಶಯದ ಕ್ಯಾನ್ಸರ್, ಮೂರನೇ ಸ್ಟೇಜ್. ಮೊದಲು ಮೂರು ಕಿಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕಿಮೋ ಅಂದಿದ್ದರು. ಈಗ ಐದನೆಯದು ಮುಗಿದಿದೆ. ಕೂದಲು ಪೂರ್ತಿ ಹೋಗಿದೆ, ಆದರೆ ಊಟ ಸೇರುತ್ತಿದೆ.

ಹೋದ ವಾರ ಡಾಕ್ಟರು ಬಿಆರ್‌ಸಿಎ ಟೆಸ್ಟ್ (ಆ ಹೆಸರಿನ ಜೀನ್‌ಗಳನ್ನು ನೋಡುವ ರಕ್ತ ಪರೀಕ್ಷೆ) ಬರೆದುಕೊಟ್ಟರು. ಅಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡು ಜಿಪ್ ಎಳೆದುಬಿಟ್ಟಳು. "ನನಗೆ ಬರೋದು ಬಂದಾಯಿತು. ಈಗ ರಕ್ತ ಕೊಟ್ಟು ಏನು ತಿಳ್ಕೊಳ್ಳೋದಿದೆ? ಮೊದಲು ಚಿಕ್ಕವಳ ಮದುವೆ ಆಗಲಿ" ಅನ್ನುತ್ತಾಳೆ. ತಂಗಿಗೆ 27. ಒಂದು ಸಂಬಂಧ ಹೆಚ್ಚುಕಡಿಮೆ ಕೂಡಿಬಂದಿದೆ. ನನಗೆ 34, ಆರು ವರ್ಷದ ಮಗಳಿದ್ದಾಳೆ.

ಅಮ್ಮನ ತಂಗಿಗೆ, ಅಂದರೆ ನಮ್ಮ ಚಿಕ್ಕಮ್ಮನಿಗೆ, ಏಳು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿತ್ತು. ಆಗ ಅವರಿಗೆ 43. ಈಗ ಚೆನ್ನಾಗಿದ್ದಾರೆ. ಇದು ವಂಶದಲ್ಲಿ ಬರುವುದಾ? ಟೆಸ್ಟ್ ಮಾಡಿಸಿದರೆ ಅಮ್ಮನಿಗೆ ಏನಾದರೂ ಉಪಯೋಗವಿದೆಯಾ, ಅಥವಾ ನಮಗೆ ಹೆದರಿಕೆ ಮಾತ್ರ ಉಳಿಯುತ್ತದಾ? ಯಾರಾದರೂ ಅನುಭವ ಇದ್ದವರು ಹೇಳಿ.

ಲ್ಯಾಬ್ ಮೇಷ್ಟ್ರು

ತಂಗೀ, ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷ ಮಾಲಿಕ್ಯುಲರ್ ಲ್ಯಾಬಿನಲ್ಲಿ ಇಂಥದ್ದೇ ಸ್ಯಾಂಪಲ್‌ಗಳ ಜೊತೆ ಕೆಲಸ ಮಾಡಿದವನು. ಆ ಲೆಕ್ಕದಲ್ಲಿ ಹೇಳುತ್ತೇನೆ.

"ನಮಗೋಸ್ಕರ ಮಾಡಿಸಿಕೊಳ್ಳಮ್ಮ" ಅಂತ ಅಮ್ಮನ ಮುಂದೆ ಹೇಳಬೇಡಿ. ಈ ಟೆಸ್ಟ್ ಮೊದಲು ಬೇಕಾಗಿರುವುದು ಅಮ್ಮನ ಔಷಧಿಗೆ. ಅಂಡಾಶಯದ ಮಾಮೂಲಿ ಬಗೆಯ ಕ್ಯಾನ್ಸರ್ ಯಾರಿಗೇ ಬರಲಿ, ವಯಸ್ಸು ಎಷ್ಟೇ ಇರಲಿ, ಮನೆತನದಲ್ಲಿ ಇನ್ಯಾರಿಗೂ ಇಲ್ಲದಿರಲಿ, ಬಿಆರ್‌ಸಿಎ ನೋಡಲೇಬೇಕು ಅನ್ನುವುದು ಈಗ ಎಲ್ಲ ಕಡೆ ಒಪ್ಪಿರುವ ಪದ್ಧತಿ. ನಿಮ್ಮ ಡಾಕ್ಟರು ಸುಮ್ನೆ ಬರೆದಿಲ್ಲ.

ಕಾರಣ ಇದು. ನಮ್ಮ ಮೈಯ ಜೀವಕೋಶಗಳಲ್ಲಿ ಡಿಎನ್‌ಎಗೆ ದಿನಾ ಪೆಟ್ಟು ಬೀಳುತ್ತಿರುತ್ತದೆ, ದಿನಾ ರಿಪೇರಿಯೂ ಆಗುತ್ತಿರುತ್ತದೆ. ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಆ ರಿಪೇರಿ ಕೆಲಸದ ಜೀನ್‌ಗಳು. ಕ್ಯಾನ್ಸರ್ ಕೋಶದಲ್ಲಿ ಇವು ಕೆಟ್ಟಿದ್ದರೆ ಆ ಕೋಶ ಇನ್ನೊಂದು ರಿಪೇರಿ ದಾರಿಯನ್ನು ನಂಬಿಕೊಂಡು ಬದುಕಿರುತ್ತದೆ. ಒಲಾಪರಿಬ್ ಎಂಬ ಗುಳಿಗೆ ಆ ಇನ್ನೊಂದು ದಾರಿಯನ್ನೂ ಮುಚ್ಚುತ್ತದೆ. ಎರಡೂ ಮುಚ್ಚಿದರೆ ಕೋಶ ಸಾಯುತ್ತದೆ. ಮೈಯ ಉಳಿದ ಕೋಶಗಳಲ್ಲಿ ಆ ಜೀನ್‌ನ ಒಂದು ಒಳ್ಳೆಯ ಪ್ರತಿ ಇರುವುದರಿಂದ ಅವು ತಡೆದುಕೊಳ್ಳುತ್ತವೆ.

2018ರಲ್ಲಿ ಸೋಲೋ-1 ಎಂಬ ಅಧ್ಯಯನ ಪ್ರಕಟವಾಯಿತು. ನಿಮ್ಮ ಅಮ್ಮನ ಹಾಗೆ ಮುಂದುವರಿದ ಹಂತದ ಅಂಡಾಶಯದ ಕ್ಯಾನ್ಸರ್ ಇದ್ದು, ಬಿಆರ್‌ಸಿಎ ಕೆಟ್ಟಿದ್ದ ಹೆಂಗಸರು ಅದರಲ್ಲಿದ್ದರು. ಕಿಮೋಗೆ ಸ್ಪಂದಿಸಿದ ಮೇಲೆ ಒಲಾಪರಿಬ್ ತೆಗೆದುಕೊಂಡವರಲ್ಲಿ ಮೂರು ವರ್ಷವಾದರೂ ಕಾಯಿಲೆ ಮರಳದೆ ಇದ್ದವರು ನೂರಕ್ಕೆ 60. ಬರೀ ಸಕ್ಕರೆ ಗುಳಿಗೆ ಕೊಟ್ಟವರಲ್ಲಿ 27. ಇದು ದೊಡ್ಡ ಅಂತರ.

ಈ ಗುಳಿಗೆಯನ್ನು ಕೊನೇ ಕಿಮೋ ಆದ ಕೆಲವೇ ವಾರಗಳಲ್ಲಿ ಶುರು ಮಾಡುತ್ತಾರೆ. ಟೆಸ್ಟ್ ವರದಿ ಬರಲು ಮೂರ್ನಾಲ್ಕು ವಾರ ಬೇಕು. ನಿಮ್ಮದು ಐದನೇ ಕಿಮೋ ಮುಗಿದಿದೆ. ಅದಕ್ಕೇ ಹೇಳುತ್ತಿದ್ದೇನೆ, ಆ ಚೀಟಿ ಪರ್ಸಿನಲ್ಲಿ ಇರಬಾರದು.

ಎರಡನೇ ಇನಿಂಗ್ಸ್

ಮೇಷ್ಟ್ರು ಹೇಳಿದ್ದು ಸರಿ. ನಿಮ್ಮ ಚಿಕ್ಕಮ್ಮನಿಗೂ ಆಗ ಟೆಸ್ಟ್ ಮಾಡಿಸಿರಬಹುದು, ಕೇಳಿ ನೋಡಿ. 43ಕ್ಕೇ ಬಂದಿದೆ ಅಂದರೆ ಡಾಕ್ಟರು ಬರೆದಿರುವ ಸಾಧ್ಯತೆ ಇದೆ. ಅವರದು ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ರಿಸೆಪ್ಟರ್, ಹರ್2 ಮೂರೂ ಇಲ್ಲದ ಬಗೆ) ಆಗಿತ್ತಾ?

ಬೆಣ್ಣೆನಗರಿ

ಅಕ್ಕ, ಟ್ರಿಪಲ್ ನೆಗೆಟಿವ್ ಅನ್ನೋ ಮಾತು ಆಗ ಕೇಳಿದ ನೆನಪಿದೆ. ಆದರೆ ಟೆಸ್ಟ್ ವಿಷಯ ಮನೆಯಲ್ಲಿ ಯಾರೂ ಮಾತಾಡಿಲ್ಲ. ಚಿಕ್ಕಮ್ಮ ಚಿಕಿತ್ಸೆ ತೆಗೆದುಕೊಂಡದ್ದು ಬೇರೆ ರಾಜ್ಯದಲ್ಲಿ. ನಮಗೆ ಗೊತ್ತಾಗಿದ್ದೇ ಅರ್ಧ ಮುಗಿದ ಮೇಲೆ.

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇವತ್ತು ರಾತ್ರಿ ಅಮ್ಮನ ಹತ್ತಿರ ಔಷಧಿ ಲೆಕ್ಕದಲ್ಲೇ ಮಾತಾಡುತ್ತೇನೆ.

ಕಾವೇರಿ ತೀರ

ನನ್ನ ಮಾತು ಬೇಜಾರಾದರೆ ಕ್ಷಮಿಸಿ. ನನ್ನ ಹೆಂಡತಿಗೆ ಈ ಟೆಸ್ಟ್ ಮಾಡಿಸಿದೆವು, ಪಾಸಿಟಿವ್ ಬಂತು. ಅವಳಿಗೆ ಕಾಯಿಲೆ ಇರಲಿಲ್ಲ, ಅಕ್ಕನಿಗೆ ಇತ್ತು ಅಂತ ಮಾಡಿಸಿದ್ದು. ಅವತ್ತಿನಿಂದ ಒಂದು ವರ್ಷ ಅವಳು ಸರಿಯಾಗಿ ನಿದ್ದೆ ಮಾಡಿಲ್ಲ. ಸ್ನಾನಕ್ಕೆ ಹೋದರೆ ಅರ್ಧ ಗಂಟೆ ಹೊರಗೆ ಬರುತ್ತಿರಲಿಲ್ಲ, ಗಂಟು ಹುಡುಕುತ್ತಾ ನಿಂತಿರುತ್ತಿದ್ದಳು. ವರದಿ ಕೈಗೆ ಕೊಟ್ಟ ಲ್ಯಾಬಿನವರು ಎರಡು ನಿಮಿಷವೂ ಮಾತಾಡಲಿಲ್ಲ. ಮೊಬೈಲಿಗೆ ಪಿಡಿಎಫ್ ಬಂತು, ಅಷ್ಟೇ. ಬರುವುದು ಬಂದೇ ಬರುತ್ತದೆ ಅನ್ನುವವರ ಪೈಕಿ ನಾನಲ್ಲ. ಆದರೆ ತಿಳಿದುಕೊಳ್ಳುವುದಕ್ಕೂ ಒಂದು ಬೆಲೆ ಇದೆ. ಅದನ್ನೂ ಯಾರಾದರೂ ಹೇಳಬೇಕಲ್ವಾ?

ಎರಡನೇ ಇನಿಂಗ್ಸ್

ಕಾವೇರಿ ತೀರ ಅವರೇ, ಬೇಜಾರಿನ ಮಾತೇನಿದೆ. ನೀವು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಕಥೆ ಸ್ವಲ್ಪ ಬೇರೆ, ಆದರೆ ಗಾಯ ಅದೇ.

ನನಗೆ 41ಕ್ಕೆ ಎದೆಯ ಕ್ಯಾನ್ಸರ್. ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಪ್ಯಾನೆಲ್ ಟೆಸ್ಟ್ ಮಾಡಿಸಿದರು. ನಮಗೆ ಬಿದ್ದದ್ದು 22 ಸಾವಿರ. ವರದಿಯಲ್ಲಿ ಬಿಆರ್‌ಸಿಎ2 ಎದುರಿಗೆ "ವಿಯುಎಸ್" ಅಂತ ಬಂತು. ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ, ಆದರೆ ಅದರಿಂದ ಕೆಡುಕಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ ಅಂತ ಅದರ ಅರ್ಥ. ನಮಗೆ ಹಾಗಂತ ಯಾರೂ ಬಿಡಿಸಿ ಹೇಳಲಿಲ್ಲ. ಬಿಆರ್‌ಸಿಎ ಅನ್ನುವ ಅಕ್ಷರ ಕಂಡ ತಕ್ಷಣ ಮನೆಯಲ್ಲಿ ಅಳು. "ಇನ್ನೊಂದು ಎದೆಯನ್ನೂ ತೆಗೆಸಿಬಿಡಿ, ಅಂಡಾಶಯವನ್ನೂ ತೆಗೆಸಿಬಿಡಿ" ಅಂತ ಸಲಹೆ ಕೊಟ್ಟವರಲ್ಲಿ ಒಬ್ಬರು ಸರ್ಜನ್ ಕೂಡ ಇದ್ದರು. ಆಪರೇಷನ್‌ಗೆ ದಿನವೂ ಗೊತ್ತಾಗಿತ್ತು.

ಅದಕ್ಕೆ ನಾಲ್ಕು ದಿನ ಮುಂಚೆ ಒಬ್ಬ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋದೆವು. ಆಕೆ ಒಂದೇ ಮಾತು ಹೇಳಿದರು: "ವಿಯುಎಸ್ ನೋಡಿಕೊಂಡು ಕತ್ತರಿ ಹಿಡಿಯಬಾರದು." ಆಪರೇಷನ್ ಕ್ಯಾನ್ಸಲ್ ಮಾಡಿದೆವು. ಎರಡು ವರ್ಷದ ಮೇಲೆ ಲ್ಯಾಬಿನಿಂದ ಪರಿಷ್ಕರಿಸಿದ ವರದಿ ಬಂತು. ಆ ಬದಲಾವಣೆ ನಿರುಪದ್ರವಿ ಅಂತ ತಿಳಿಯಿತಂತೆ.

ಹಾಗಾಗಿ ನಾನು ಟೆಸ್ಟ್ ಬೇಡ ಅನ್ನುವುದಿಲ್ಲ. ಟೆಸ್ಟಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಕೌನ್ಸೆಲಿಂಗ್ ಇಲ್ಲದೆ ಬೇಡ ಅನ್ನುತ್ತೇನೆ. ಪಿಡಿಎಫ್ ಕಳಿಸಿ ಕೈ ತೊಳೆದುಕೊಳ್ಳುವ ಕಡೆಗೆ ಹೋಗಲೇಬೇಡಿ.

ಲ್ಯಾಬ್ ಮೇಷ್ಟ್ರು

ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ವರದಿಯಲ್ಲಿ ಐದು ಮಾತು ಬರಬಹುದು: ಪಾಥೋಜೆನಿಕ್ (ಕೆಡುಕಿನದು), ಲೈಕ್ಲಿ ಪಾಥೋಜೆನಿಕ್ (ಬಹುಶಃ ಕೆಡುಕಿನದು), ವಿಯುಎಸ್, ಲೈಕ್ಲಿ ಬಿನೈನ್ (ಬಹುಶಃ ನಿರುಪದ್ರವಿ), ಬಿನೈನ್ (ನಿರುಪದ್ರವಿ). ಮೊದಲ ಎರಡು ಬಂದರೆ ಮಾತ್ರ ಮುಂದಿನ ಹೆಜ್ಜೆ. ವಿಯುಎಸ್ ಬಂದರೆ ಕುಟುಂಬದ ಚರಿತ್ರೆ ನೋಡಿಕೊಂಡು ನಡೆಯಬೇಕು, ಆ ಸಾಲು ನೋಡಿಕೊಂಡು ಅಲ್ಲ. ಜಾಗತಿಕ ದತ್ತಾಂಶದಲ್ಲಿ ನಮ್ಮ ಜನರ ಮಾಹಿತಿ ಕಡಿಮೆ. ಅದರಿಂದ ನಮ್ಮವರ ವರದಿಗಳಲ್ಲಿ ವಿಯುಎಸ್ ಜಾಸ್ತಿ ಕಾಣುತ್ತದೆ. ಅದು ನಿಮ್ಮ ತಪ್ಪಲ್ಲ, ನಿಮ್ಮ ರಕ್ತದ ದೋಷವೂ ಅಲ್ಲ.

ಮಲೆನಾಡಿನ ಮಗ

ನಡುವೆ ಒಂದು ಪ್ರಶ್ನೆ. ನನ್ನ ಅಪ್ಪನಿಗೂ ಜೀನ್ ಟೆಸ್ಟ್ ಮಾಡಿಸಿದ್ದಾರೆ. ಶ್ವಾಸಕೋಶದ ಕ್ಯಾನ್ಸರ್. ಜೀವನದಲ್ಲಿ ಒಂದು ಬೀಡಿ ಸೇದಿದವರಲ್ಲ. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇದೆ, ಪಾಸಿಟಿವ್ ಅಂತ ಬಂದು ಈಗ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಅಡಿಕೆ ಸುಲಿಯುವ ಹೊತ್ತಿಗೆ ಅಂಗಳದಲ್ಲಿ ಬಂದು ಕೂರುವಷ್ಟು ಚೇತರಿಸಿಕೊಂಡಿದ್ದಾರೆ. ಹಾಗಾದರೆ ನಾನೂ ತಮ್ಮನೂ ಟೆಸ್ಟ್ ಮಾಡಿಸಿಕೊಳ್ಳಬೇಕಾ?

ಲ್ಯಾಬ್ ಮೇಷ್ಟ್ರು

ಬೇಕಾಗಿಲ್ಲ. ಈ ಗೊಂದಲ ನನಗೆ ವಾರಕ್ಕೆ ನಾಲ್ಕು ಸಲ ಎದುರಾಗುತ್ತಿತ್ತು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜೋಳದ ಹೊಲ ನೆನೆಸಿಕೊಳ್ಳಿ. ಬಿತ್ತನೆ ಬೀಜದಲ್ಲೇ ದೋಷವಿದ್ದರೆ ಪ್ರತಿ ಗಿಡದಲ್ಲೂ ಅದು ಇರುತ್ತದೆ, ಮುಂದಿನ ವರ್ಷದ ಬೀಜಕ್ಕೂ ಹೋಗುತ್ತದೆ. ಇನ್ನೊಂದು ಬಗೆ ಅಂದರೆ ಬೀಜ ಚೆನ್ನಾಗಿದೆ, ಒಂದು ತೆನೆಗೆ ಮಾತ್ರ ಕಾಡಿಗೆ ರೋಗ ಹತ್ತಿದೆ. ಬಿಆರ್‌ಸಿಎ ರಕ್ತದ ಟೆಸ್ಟ್ ಬೀಜ ನೋಡುತ್ತದೆ. ನಿಮ್ಮ ಅಪ್ಪನದು ತೆನೆಯ ಟೆಸ್ಟ್. ಅವರ ಶ್ವಾಸಕೋಶದ ಒಂದು ಕೋಶದಲ್ಲಿ, ಅವರ ಆಯುಷ್ಯದಲ್ಲಿ ಆದ ಬದಲಾವಣೆ ಅದು. ಮಕ್ಕಳಿಗೆ ಬರುವುದಿಲ್ಲ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಬಂದವರ ಪೈಕಿ ಸುಮಾರು ಕಾಲುಭಾಗ ಜನರಲ್ಲಿ ಇಜಿಎಫ್‌ಆರ್ ಬದಲಾವಣೆ ಸಿಗುತ್ತದೆ, ಬೀಡಿ ಸಿಗರೇಟು ಮುಟ್ಟದವರಲ್ಲಿ ಇನ್ನೂ ಜಾಸ್ತಿ.

ಇದೇ ತರಹ ಎದೆಯ ಕ್ಯಾನ್ಸರ್ ಬಂದು "ನನಗೆ ಹರ್2 ಪಾಸಿಟಿವ್, ಮಗಳಿಗೂ ಬರುತ್ತಾ?" ಅಂತ ಕೇಳುವ ತಾಯಂದಿರು ತುಂಬಾ ಜನ. ಹರ್2 ಕೂಡ ಗಡ್ಡೆಯ ಗುಣ, ವಂಶದ್ದಲ್ಲ. ಅದಕ್ಕೆ ಕೊಡುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ನಿನ ಕಡಿಮೆ ಬೆಲೆಯ ಬಗೆಯನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು.

ಮಲೆನಾಡಿನ ಮಗ

ಉಸಿರು ಬಿಟ್ಟೆ ಸರ್. ಎರಡು ತಿಂಗಳಿಂದ ಈ ಭಯ ಇಟ್ಟುಕೊಂಡು ಓಡಾಡುತ್ತಿದ್ದೆ.

ಬೇರೆಯವರಿಗೆ ಉಪಯೋಗವಾದೀತು ಅಂತ ಒಂದು ವಿಷಯ ಬರೆಯುತ್ತೇನೆ. ಗಡ್ಡೆಯ ಟೆಸ್ಟಿಗೆ ಬಯಾಪ್ಸಿ ಮಾಡಿದ ಕಡೆಯಿಂದ "ಬ್ಲಾಕ್" ತರಬೇಕು. ನನಗೆ ಬ್ಲಾಕ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಪೆಥಾಲಜಿ ವಿಭಾಗದ ಕಿಟಕಿಯಲ್ಲಿ ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಒಂದು ಪುಟ್ಟ ಪ್ಲಾಸ್ಟಿಕ್ ಚೌಕಟ್ಟು ಕೊಟ್ಟರು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರ ಮೇಲೆ ಬಿಳೀ ಮೇಣ, ಮೇಣದ ನಡುವೆ ಅಕ್ಕಿ ನುಚ್ಚಿನಷ್ಟು ಕಂದು ಚೂರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ನಂಬರು. ಅಪ್ಪನ ಕಾಯಿಲೆ ಅಷ್ಟು ದೊಡ್ಡದು, ಅದರ ಗುಟ್ಟು ಇಷ್ಟರಲ್ಲಿದೆಯಾ ಅಂತ ಬಸ್ಸಿನಲ್ಲಿ ಅಂಗೈ ಮೇಲಿಟ್ಟುಕೊಂಡು ನೋಡಿದ್ದೆ.

ಮೇಣ ಕರಗುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಜೊತೆಗೆ ಬಯಾಪ್ಸಿ ವರದಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಟೆಸ್ಟ್ ಮುಗಿದ ಮೇಲೆ ಬ್ಲಾಕ್ ವಾಪಸ್ ಇಸಿದುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ. ನಮ್ಮ ಮೊದಲ ಬ್ಲಾಕಿನಲ್ಲಿ ಚೂರು ಸಾಲದು ಅಂದರು. ಆಮೇಲೆ ರಕ್ತದಲ್ಲೇ ಗಡ್ಡೆಯ ಡಿಎನ್‌ಎ ಹುಡುಕುವ ಲಿಕ್ವಿಡ್ ಬಯಾಪ್ಸಿ ಮಾಡಿದರು, ಅದರಲ್ಲಿ ಸಿಕ್ಕಿತು.

ನಿರ್ವಾಹಕರು

ವರದಿಯ ಫೋಟೋ ಹಾಕುವವರು ಹೆಸರು, ಆಸ್ಪತ್ರೆ ನಂಬರ್, ಬಾರ್‌ಕೋಡ್ ಮೂರನ್ನೂ ಮುಚ್ಚಿ ಹಾಕಿ. ನಿನ್ನೆ ಒಂದನ್ನು ತೆಗೆಯಬೇಕಾಯಿತು.

ಬೆಣ್ಣೆನಗರಿ (ಭಾನುವಾರ)

ಒಂದು ವಾರ ಇಲ್ಲಿ ಬರಲಾಗಲಿಲ್ಲ. ಆದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಶುಕ್ರವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ, ರಾಣೆಬೆನ್ನೂರಿಗೆ. ಅಮ್ಮನ ಟೆಸ್ಟ್ ವಿಷಯ ಹೇಳಿದೆ. ಔಷಧಿಗೋಸ್ಕರ ಬೇಕಂತೆ, ಅಮ್ಮ ಒಪ್ಪುತ್ತಿಲ್ಲ, ನೀವು ಒಂದು ಮಾತು ಹೇಳಿ ಅಂದೆ. ಚಿಕ್ಕಮ್ಮ ಮಾತಾಡಲಿಲ್ಲ. ರೊಟ್ಟಿ ತಟ್ಟುತ್ತಿದ್ದವರು ಹೆಂಚಿನ ಮೇಲಿದ್ದ ರೊಟ್ಟಿ ಬೇಯಿಸಿ ಮುಗಿಸಿ, ಗ್ಯಾಸ್ ಆರಿಸಿ, ಕೈ ತೊಳೆದು ಒಳಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿತು. ಕರೆದರು.

ಧಾರೆ ಸೀರೆಯ ಮಡಿಕೆಯೊಳಗೆ ಒಂದು ಪ್ಲಾಸ್ಟಿಕ್ ಕವರು. ನುಸಿಗುಳಿಗೆ ವಾಸನೆ. ಒಳಗೆ ಆರು ಹಾಳೆಯ ವರದಿ, ಏಳು ವರ್ಷದ ಹಿಂದಿನ ತಾರೀಖು. ಮೊದಲ ಹಾಳೆಯಲ್ಲೇ ದಪ್ಪ ಅಕ್ಷರದಲ್ಲಿ ಇತ್ತು: ಬಿಆರ್‌ಸಿಎ1, ಪಾಥೋಜೆನಿಕ್. ಕೆಳಗೆ ಇನ್ನೊಂದು ಸಾಲು. ರಕ್ತಸಂಬಂಧಿಗಳಿಗೆ ತಿಳಿಸಿ ಪರೀಕ್ಷೆ ಮಾಡಿಸುವುದು ಸೂಕ್ತ ಅಂತ.

ಚಿಕ್ಕಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದರು: "ಆಗ ನನ್ನ ಮಗಳಿಗೆ 22. ಗಂಡು ನೋಡುತ್ತಿದ್ದೆವು. ಮನೆತನದ ಕಾಯಿಲೆ ಅಂತ ಬಾಯಿಗೆ ಬಿದ್ದರೆ ಯಾರು ಬರ್ತಾರೆ ಅಂತ ನಿಮ್ಮ ಚಿಕ್ಕಪ್ಪ ಇಡು ಅಂದರು. ಮದುವೆ ಆದಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಬಾಣಂತನ. ಆಮೇಲೆ ನಾಲಿಗೆ ಏಳಲಿಲ್ಲ."

ಅಮ್ಮ ಆ ಏಳು ವರ್ಷದಲ್ಲಿ ಮೂರು ಸಲ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿದ್ದಾಳೆ. ಈ ಹಾಳೆ ಅವಳ ಕೈಯಲ್ಲಿದ್ದಿದ್ದರೆ ಅಂಡಾಶಯ ತೆಗೆಸಿಬಿಡುತ್ತಿದ್ದಳು. ಅವಳಿಗೆ ಆಗ 51, ಮುಟ್ಟು ನಿಂತಿತ್ತು.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಚಿಕ್ಕಮ್ಮನನ್ನು ನೋಡಿದರೆ ಬೈಯಲು ಬಾಯಿ ಬರಲಿಲ್ಲ. ಅವರು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ನೀವುತ್ತಾ ಕೂತಿದ್ದರು. ಆಪರೇಷನ್ ಆದಾಗಿಂದ ಆ ಕೈ ಊದಿಕೊಳ್ಳುತ್ತದೆ. ನಾವೇ ಎಲ್ಲರೂ ಸೇರಿ ಅವರಿಗೆ ಹೇಳಲಾಗದ ಹಾಗೆ ಮಾಡಿಟ್ಟಿದ್ದೆವು ಅನ್ನಿಸಿತು.

ಶನಿವಾರ ಚಿಕ್ಕಮ್ಮ ನನ್ನ ಜೊತೆಯೇ ದಾವಣಗೆರೆಗೆ ಬಂದರು. ಅಕ್ಕ ತಂಗಿ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಗಂಟೆ ಮಾತಾಡಿದರು. ಹೊರಗೆ ಬಂದಾಗ ಅಮ್ಮನ ಕೈಯಲ್ಲಿ ಆ ನಾಲ್ಕು ಮಡಿಕೆಯ ಚೀಟಿ ಇತ್ತು. ನನಗೆ ಕೊಟ್ಟಳು.

ಎರಡನೇ ಇನಿಂಗ್ಸ್

ಓದಿ ಕಣ್ಣು ತುಂಬಿತು. ನಿಮ್ಮ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಏಳು ವರ್ಷದ ಮೇಲೆ ಬೀರು ತೆಗೆಯುವುದು ಸಣ್ಣ ಕೆಲಸವಲ್ಲ.

ಲ್ಯಾಬ್ ಮೇಷ್ಟ್ರು

ತಂಗೀ, ಆ ಹಾಳೆಯಿಂದ ಈಗಲೂ ಉಪಯೋಗವಿದೆ. ಯಾವ ಜೀನಿನ ಯಾವ ಜಾಗದಲ್ಲಿ ಬದಲಾವಣೆ ಇದೆ ಅಂತ ಅದರಲ್ಲಿ ಬರೆದಿರುತ್ತದೆ. ಅಮ್ಮನಿಗೆ ಚಿಕಿತ್ಸೆಗೋಸ್ಕರ ಪೂರ್ತಿ ಟೆಸ್ಟನ್ನೇ ಮಾಡಿಸುತ್ತಾರೆ, ಇರಲಿ. ಅವಳಲ್ಲೂ ಅದೇ ಸಿಕ್ಕರೆ ನಿಮಗೆ, ತಂಗಿಗೆ, ಉಳಿದವರಿಗೆ ಆ ಒಂದು ಜಾಗ ನೋಡಿದರೆ ಸಾಕು. ಖರ್ಚು ಬಹಳ ಕಡಿಮೆ, ವರದಿಯೂ ಸ್ಪಷ್ಟ. ಇದೆ ಅಥವಾ ಇಲ್ಲ, ಅಷ್ಟೇ. ಇಲ್ಲ ಅಂತ ಬಂದವರಿಗೆ ಈ ಜೀನಿನಿಂದ ಬರುವ ಅಪಾಯ ಇಲ್ಲ, ಅವರ ಮಕ್ಕಳಿಗೂ ಇದು ಹೋಗುವುದಿಲ್ಲ.

ಕಾಯಿಲೆ ಬಂದವರನ್ನೇ ಮೊದಲು ಟೆಸ್ಟ್ ಮಾಡಬೇಕು ಅನ್ನುವುದು ಇದಕ್ಕೇ. ಆರೋಗ್ಯವಾಗಿರುವ ಮಗಳು ನೇರವಾಗಿ ಹೋಗಿ ಪ್ಯಾನೆಲ್ ಮಾಡಿಸಿ ನೆಗೆಟಿವ್ ಬಂದರೆ, ಮನೆತನದಲ್ಲಿ ಇಲ್ಲವೋ, ಇದ್ದೂ ಅವಳಿಗೆ ಬಂದಿಲ್ಲವೋ, ಅಥವಾ ಟೆಸ್ಟಿಗೇ ಸಿಕ್ಕಿಲ್ಲವೋ ತಿಳಿಯುವುದಿಲ್ಲ.

ನಿಮ್ಮ ಮಗಳಿಗೆ ಈಗ ಏನೂ ಬೇಡ. 18 ಆಗುವ ತನಕ ಮಕ್ಕಳಿಗೆ ಬಿಆರ್‌ಸಿಎ ಮಾಡಿಸುವುದಿಲ್ಲ. ದೊಡ್ಡವಳಾದ ಮೇಲೆ ಅವಳೇ ನಿರ್ಧಾರ ಮಾಡಲಿ.

ನ್ಯೂಜೆರ್ಸಿ ಅತ್ತಿಗೆ

ಇಲ್ಲಿಂದ ಒಂದು ಎಚ್ಚರಿಕೆ. ನನ್ನ ನಾದಿನಿ ಮೈಸೂರಿನಲ್ಲಿದ್ದಾಳೆ. ಅವಳಿಗೆ ಕ್ಯಾನ್ಸರ್ ಬಂದಾಗ ನನ್ನ ಗಂಡ "ನಾನು ಆಗಲೇ ಮನೆಯಲ್ಲೇ ಉಗುಳಿನ ಕಿಟ್ ಮಾಡಿಸಿದ್ದೇನೆ, ಬಿಆರ್‌ಸಿಎ ನೆಗೆಟಿವ್" ಅಂತ ಕೂತಿದ್ದರು. 23ಆಂಡ್‌ಮಿ ಕಿಟ್ಟಿಗೆ 2018ರಲ್ಲಿ ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಾಗ ಅದು ನೋಡುತ್ತಿದ್ದದ್ದು ಬಿಆರ್‌ಸಿಎಯ ಮೂರೇ ಬದಲಾವಣೆಗಳನ್ನು. ಅವೂ ಮುಖ್ಯವಾಗಿ ಅಷ್ಕೆನಾಜಿ (ಯುರೋಪ್ ಮೂಲದ) ಯಹೂದಿಗಳಲ್ಲಿ ಕಾಣುವಂಥವು. ಗೊತ್ತಿರುವ ಬದಲಾವಣೆಗಳು ಸಾವಿರಕ್ಕೂ ಜಾಸ್ತಿ. ಆ ನೆಗೆಟಿವ್ ನಮ್ಮವರಿಗೆ ಯಾವ ಲೆಕ್ಕಕ್ಕೂ ಇಲ್ಲ. ಆಸ್ಪತ್ರೆ ಮೂಲಕ ಮತ್ತೆ ಮಾಡಿಸಿದೆವು, ಇವರಿಗೆ ಪಾಸಿಟಿವ್ ಬಂತು.

ಹೌದು, ಗಂಡಸರಿಗೂ ಬರುತ್ತದೆ. ತಾಯಿಯಿಂದಲೂ ತಂದೆಯಿಂದಲೂ, ಮಗನಿಗೂ ಮಗಳಿಗೂ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಬಿಆರ್‌ಸಿಎ2 ಕೆಟ್ಟಿರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಜಾಸ್ತಿ, ಎದೆಯ ಕ್ಯಾನ್ಸರೂ ಬರಬಹುದು. ಇವರು ಈಗ ವರ್ಷಕ್ಕೊಮ್ಮೆ ಪಿಎಸ್‌ಎ (ಪ್ರಾಸ್ಟೇಟಿಗಾಗಿ ಮಾಡುವ ರಕ್ತದ ಟೆಸ್ಟ್) ಮಾಡಿಸುತ್ತಾರೆ.

ವಿಮೆ ಬಗ್ಗೆ ಹೇಳುವುದಾದರೆ, ಅಮೆರಿಕದಲ್ಲಿ 2008ರ ಗಿನಾ ಕಾನೂನು (ಜೀನ್ ನೋಡಿ ತಾರತಮ್ಯ ಮಾಡಬಾರದು ಅನ್ನುವುದು) ಆರೋಗ್ಯ ವಿಮೆ ಮತ್ತು ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಜೀವ ವಿಮೆಗೆ ಇಲ್ಲ. ಭಾರತದಲ್ಲಿ ಹೇಗೆ?

ವಿಮೆ ಏಜೆಂಟ್, ತುಮಕೂರು

ಅಕ್ಕ, ಇಲ್ಲಿ ಗಿನಾ ತರಹದ ಪ್ರತ್ಯೇಕ ಕಾನೂನು ಇಲ್ಲ. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಆರೋಗ್ಯ ವಿಮೆಯಲ್ಲಿ ಜೆನೆಟಿಕ್ ಕಾಯಿಲೆಗಳನ್ನು ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಮಾರ್ಚ್‌ನಲ್ಲಿ ವಿಮೆ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಕೂಡ ಆ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬೇಡಿ ಅಂತ ಕಂಪನಿಗಳಿಗೆ ಸೂಚಿಸಿತು. ಆದರೆ ಹೊಸ ಪಾಲಿಸಿ ಅರ್ಜಿಯಲ್ಲಿ ಪ್ರಶ್ನೆ ಕೇಳಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟ ಪಾಲಿಸಿ ಬೇಕಾದ ಹೊತ್ತಿಗೆ ಕೈ ಕೊಡುತ್ತದೆ. ಪಾಲಿಸಿ ಇಲ್ಲದವರು ಟೆಸ್ಟಿಗೆ ಮುಂಚೆಯೇ ಮಾಡಿಸಿಕೊಳ್ಳಿ ಅನ್ನುವುದು ನನ್ನ ಸಲಹೆ.

ಬೆಣ್ಣೆನಗರಿ (ಐದು ದಿನಗಳ ನಂತರ)

ಅಮ್ಮನ ರಕ್ತ ಕೊಟ್ಟೆವು. ನೇರಳೆ ಮುಚ್ಚಳದ ಒಂದು ಟ್ಯೂಬ್, ಇಷ್ಟೇನಾ ಅಂದಳು ಅಮ್ಮ.

ಅದಕ್ಕೆ ಮುಂಚೆ ಕೌನ್ಸೆಲರ್ ಒಂದು ಗಂಟೆ ಕೂರಿಸಿಕೊಂಡು ವಂಶವೃಕ್ಷ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕ್ಯಾನ್ಸರ್ ಆದವರಿಗೆ ಕಪ್ಪು ತುಂಬಿಸುವುದು, ತೀರಿಕೊಂಡವರಿಗೆ ಅಡ್ಡ ಗೆರೆ. ಅಮ್ಮನ ತಂದೆಯ ಅಕ್ಕ ಹೇಗೆ ಹೋದರು ಅಂತ ಕೇಳಿದರು. "ಹೊಟ್ಟೆಗೆ ನೀರು ಬಂದು ಹೋದರು" ಅಂದಳು ಅಮ್ಮ. ಹೇಳಿ ಮುಗಿಸಿದ ಮೇಲೆ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಕೌನ್ಸೆಲರ್ ಆ ವೃತ್ತದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನಾವು ಇಷ್ಟು ವರ್ಷ ಅಜ್ಜಿಯ ಕಡೆ ಮಾತ್ರ ನೆನೆಸುತ್ತಿದ್ದೆವು. ಅಜ್ಜ 81 ವರ್ಷ ಗಟ್ಟಿಯಾಗಿ ಬಾಳಿದವರು. ಅವರ ಕಡೆಯಿಂದ ಬಂದಿರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಒಂದು ಜಾಗದಲ್ಲಿ ಕೌನ್ಸೆಲರ್ ಜೋಡಿ ಗೆರೆ ಎಳೆದರು. ಸೋದರಿಕೆ ಮದುವೆಗೆ ಹಾಗೆ ಗುರುತಂತೆ. ನಮ್ಮ ದೊಡ್ಡಮ್ಮನದು ಸೋದರಮಾವನ ಜೊತೆ ಮದುವೆ. ಅದು ಏಕೆ ಮುಖ್ಯ ಅಂತ ಕೇಳಲು ಮರೆತೆ. ಮೇಷ್ಟ್ರೇ?

ಲ್ಯಾಬ್ ಮೇಷ್ಟ್ರು

ಒಂದು ಕೆಟ್ಟ ಪ್ರತಿಯಿಂದಲೇ ಬಿಆರ್‌ಸಿಎಯ ಅಪಾಯ ಬರುತ್ತದೆ, ಅದಕ್ಕೆ ಸೋದರಿಕೆ ಬೇಕಿಲ್ಲ. ಆದರೆ ಗಂಡ ಹೆಂಡತಿ ಇಬ್ಬರಲ್ಲೂ ಇದ್ದು ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದರೆ ಫ್ಯಾಂಕೋನಿ ಅನೀಮಿಯಾ ಎಂಬ ರಕ್ತದ ಕಾಯಿಲೆ ಬರಬಹುದು, ಬಿಆರ್‌ಸಿಎ2ರಲ್ಲಿ ಮುಖ್ಯವಾಗಿ. ಬಹಳ ಅಪರೂಪ. ಆದರೆ ನೆಂಟಸ್ತಿಕೆಯೊಳಗೇ ಮದುವೆಯಾಗುವ ನಮ್ಮಂಥ ಕಡೆ ಕೇಳಲೇಬೇಕಾದ ಪ್ರಶ್ನೆ. ಆ ಕೌನ್ಸೆಲರ್ ಕೆಲಸ ಬಲ್ಲವರು.

ಕಾವೇರಿ ತೀರ

ಬೆಣ್ಣೆನಗರಿ ಅವರೇ, ನಿಮ್ಮ ಬರಹವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ನಮಗೂ ಹೀಗೆ ಒಂದು ಗಂಟೆ ಕೂರಿಸಿ ಮಾತಾಡಿದ್ದರೆ ಆ ವರ್ಷ ಹಾಗೆ ಕಳೆಯುತ್ತಿರಲಿಲ್ಲ ಅಂದಳು. ಅವಳಿಗೆ ಬಿಆರ್‌ಸಿಎ1, ಈಗ 38. ಮುಂದೇನು ಅಂತ ಯಾರೂ ಸರಿಯಾಗಿ ಹೇಳಿಲ್ಲ. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನಿಂಗ್ ಮತ್ತು ಸಿಎ-125 ಎಂಬ ರಕ್ತದ ಟೆಸ್ಟ್ ಮಾಡಿಸುತ್ತಿದ್ದೇವೆ. ಅಷ್ಟು ಸಾಕಾ?

ಲ್ಯಾಬ್ ಮೇಷ್ಟ್ರು

ಸಾಲದು ಸರ್. ಅಂಡಾಶಯದ ಕ್ಯಾನ್ಸರನ್ನು ಸ್ಕ್ಯಾನಿಂಗ್, ಸಿಎ-125 ಎರಡೂ ಸೇರಿ ಬೇಗ ಹಿಡಿಯುತ್ತವೆ ಅಂತ ನೆಚ್ಚಿಕೊಳ್ಳಲಾಗದು. ಬಿಆರ್‌ಸಿಎ1 ಕೆಟ್ಟಿರುವ ಹೆಂಗಸರಲ್ಲಿ 80 ವರ್ಷದೊಳಗೆ ಎದೆಯ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 72, ಅಂಡಾಶಯದ್ದು 44 ಅಂತ 2017ರ ದೊಡ್ಡ ಅಧ್ಯಯನ ಹೇಳಿದೆ. ಬಿಆರ್‌ಸಿಎ2ರಲ್ಲಿ 69 ಮತ್ತು 17. ಅದಕ್ಕೇ ಬಿಆರ್‌ಸಿಎ1 ಇದ್ದವರಿಗೆ ಮಕ್ಕಳಾದ ಮೇಲೆ 35ರಿಂದ 40ರೊಳಗೆ ಅಂಡಾಶಯ ಮತ್ತು ಅಂಡನಾಳ ತೆಗೆಸುವುದನ್ನು ಸಲಹೆ ಮಾಡುತ್ತಾರೆ. ಬಿಆರ್‌ಸಿಎ2 ಆದರೆ 40ರಿಂದ 45ರ ತನಕ ಕಾಯಬಹುದು. ಎದೆಗೆ ಆಪರೇಷನ್ನೇ ಆಗಬೇಕೆಂದಿಲ್ಲ. ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ಮ್ಯಾಮೋಗ್ರಾಂ ಮಾಡಿಸುತ್ತಾ ಇರುವುದೂ ಒಪ್ಪಿರುವ ದಾರಿ. 38 ಅಂದರೆ ಈಗಲೇ ಒಬ್ಬ ಗೈನಿಕ್ ಆಂಕಾಲಜಿಸ್ಟ್ (ಹೆಂಗಸರ ಕ್ಯಾನ್ಸರ್ ತಜ್ಞರು) ನೋಡಿ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕೆಂದೇ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ ಇದೆ. ತಡ ಮಾಡಬೇಡಿ ಸರ್, ದಯವಿಟ್ಟು.

ಕಾವೇರಿ ತೀರ

ನಾಳೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೇನೆ.

ಬೆಣ್ಣೆನಗರಿ (ಎರಡು ತಿಂಗಳ ನಂತರ)

ಕೇಳಿದವರಿಗೆಲ್ಲ ಒಟ್ಟಿಗೇ ಬರೆಯುತ್ತಿದ್ದೇನೆ.

ಅಮ್ಮನ ವರದಿ ಬಂತು. ಚಿಕ್ಕಮ್ಮನದೇ ಬದಲಾವಣೆ, ಅಕ್ಷರ ಅಕ್ಷರ ಅದೇ. ಆರನೇ ಕಿಮೋ ಆಗಿ ಐದು ವಾರಕ್ಕೆ ಒಲಾಪರಿಬ್ ಶುರುವಾಯಿತು. ಮೊದಲ ಹದಿನೈದು ದಿನ ವಾಕರಿಕೆ, ಸುಸ್ತು. ಈಗ ಪರವಾಗಿಲ್ಲ. ತಿಂಗಳಿಗೊಮ್ಮೆ ರಕ್ತ ನೋಡುತ್ತಾರೆ, ಹಿಮೋಗ್ಲೋಬಿನ್ ಸ್ವಲ್ಪ ಇಳಿದಿದೆ. ಔಷಧಿ ಖರ್ಚು ದೊಡ್ಡದೇ. ಕಂಪನಿಯ ರೋಗಿ ನೆರವು ಯೋಜನೆಗೆ ಆಸ್ಪತ್ರೆಯ ಸೋಷಿಯಲ್ ವರ್ಕರ್ ಅರ್ಜಿ ಹಾಕಿಸಿಕೊಟ್ಟರು. ಎಲ್ಲರೂ ಕೇಳಿ, ತಾನಾಗಿ ಯಾರೂ ಹೇಳುವುದಿಲ್ಲ.

ನಾನೂ ತಂಗಿಯೂ ಒಂದೇ ದಿನ ರಕ್ತ ಕೊಟ್ಟೆವು. ನನಗೆ ಇದೆ. ಅವಳಿಗೆ ಇಲ್ಲ.

ವರದಿ ಕೇಳಿ ಜಾಸ್ತಿ ಅತ್ತದ್ದು ಅವಳು. ನಾನು ಆಟೋದಲ್ಲಿ ಅವಳ ಬೆನ್ನು ಸವರುತ್ತಾ ಕೂತಿದ್ದೆ. "ನನಗೆ ಬಂದು ನಿನಗೆ ತಪ್ಪಿದ್ದರೆ ಆಗುತ್ತಿತ್ತು, ನಿನಗೆ ಪಾಪು ಇದೆ" ಅನ್ನುತ್ತಿದ್ದಳು. ಕೌನ್ಸೆಲರ್ ಇದನ್ನೂ ಮುಂಚೆಯೇ ಹೇಳಿದ್ದರು, ನೆಗೆಟಿವ್ ಬಂದವರನ್ನೂ ವಿಚಾರಿಸಿಕೊಳ್ಳಿ ಅಂತ.

ಮದುವೆ ವಿಷಯ. ರಕ್ತ ಕೊಡುವ ಮುಂಚೆಯೇ ಅವಳೇ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಳು. ಅವನು "ಸರಿ, ವರದಿ ಏನೇ ಬರಲಿ ಮಾತಾಡೋಣ" ಅಂದನಂತೆ. ಅವನ ತಾಯಿ ಅವತ್ತಿನಿಂದ ಫೋನ್ ಮಾಡಿಲ್ಲ. ನೆಗೆಟಿವ್ ಬಂದಿದೆ ಅಂತ ತಾನಾಗಿ ತಿಳಿಸಲು ಇವಳಿಗೆ ಇಷ್ಟವಿಲ್ಲ. ನಾವೂ ಒತ್ತಾಯ ಮಾಡುತ್ತಿಲ್ಲ.

ನನಗೆ ಮುಂದಿನ ಮಂಗಳವಾರ ಎದೆಯ ಎಂಆರ್‌ಐ ಇದೆ. ಇನ್ನೊಂದು ಮಗು ಬೇಕೋ ಬೇಡವೋ ಅಂತ ನಾನೂ ಇವರೂ ಈ ವರ್ಷ ತೀರ್ಮಾನ ಮಾಡಬೇಕು, ಆಮೇಲೆ ಆಪರೇಷನ್. ಹೆದರಿಕೆ ಇದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆ.

ಚಿಕ್ಕಮ್ಮನ ಮಗಳು ಹುಬ್ಬಳ್ಳಿಯಲ್ಲಿ ಟೆಸ್ಟಿಗೆ ಕೊಟ್ಟಿದ್ದಾಳೆ. ದೊಡ್ಡಮ್ಮ ಇನ್ನೂ ಒಪ್ಪಿಲ್ಲ, ಚಿಕ್ಕಮ್ಮನೇ ವಾರಕ್ಕೊಮ್ಮೆ ಫೋನ್ ಮಾಡಿ ಹೇಳುತ್ತಿದ್ದಾರೆ. ಮಾವನ ಮಗ ಗಂಡಸರಿಗೂ ಬರುತ್ತಾ ಅಂತ ಕೇಳಿದ, ನ್ಯೂಜೆರ್ಸಿ ಅತ್ತಿಗೆಯ ಬರಹ ಕಳಿಸಿದೆ. ಚಿಕ್ಕಮ್ಮನ ವರದಿಯನ್ನೂ ಫೋಟೋ ತೆಗೆದು ಕಳಿಸಿದ್ದೆ. ಎರಡನೇ ಪುಟದಲ್ಲಿ ಬದಲಾವಣೆಯ ಸಾಲು ಮಡಿಕೆಯ ಮೇಲೆ ಬಂದು ಅಳಿಸಿದ ಹಾಗಿದೆ, ಲ್ಯಾಬಿನವರಿಗೆ ಓದಲಾಗುತ್ತಿಲ್ಲ ಅಂದ. ಈಗ ಅಮ್ಮನ ಹೊಸ ವರದಿ ಹಿಡಿದುಕೊಂಡು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೇನೆ. ಎಂಟು ಪ್ರತಿ ಹೇಳಿದ್ದೇನೆ.